ಕೆಂಪು ಪಾದ್ರಿಯ ಕೆಳಗಿನ ಸಾಲು

ವಿವಾಲ್ಡಿ ಎಂಬ ಪಾದ್ರಿ ಪೂಜೆ ಮಾಡುತ್ತಿರಲಿಲ್ಲ. ದೀಕ್ಷೆ ತೆಗೆದುಕೊಂಡು ಹೆಚ್ಚು ದಿನವಾಗಿರಲಿಲ್ಲ, ಎದೆ ಬಿಗಿಯುತ್ತದೆ, ಅಷ್ಟು ಹೊತ್ತು ನಿಲ್ಲಲಾರೆ ಎಂದು ಬಿಟ್ಟೇಬಿಟ್ಟ. ಊರವರು ಬೇರೆಯೇ ಆಡಿಕೊಂಡರು. ಪೂಜೆಯ ನಡುವೆ ಒಂದು ಧಾಟಿ ಹೊಳೆಯಿತಂತೆ, ಮರೆತುಹೋದೀತೆಂದು ಒಳಗೆ ಓಡಿಹೋಗಿ ಬರೆದಿಟ್ಟು ಬಂದನಂತೆ. ಯಾವುದು ಖರೆಯೋ. ನನಗೇನೋ ಎರಡೂ ಖರೆ ಇರಲಿ ಅನ್ನಿಸುತ್ತದೆ.

ಈತ ಮುನ್ನೂರು ವರ್ಷದ ಹಿಂದೆ ವೆನಿಸ್ ಪಟ್ಟಣದಲ್ಲಿದ್ದವನು, ಕೆಂಪು ಕೂದಲಿನವನು. ಬೆಳಗಾವಿಯ ಟಿಳಕವಾಡಿಯಲ್ಲಿ, ಇತಿಹಾಸದಲ್ಲಿ ಎಂ.ಎ. ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನ ತನಕ ಅವನು ಬಂದದ್ದು ಒಂದು ಫೋನಿನ ಮೂಲಕ.

"ಹಲೋ, ಪೂರ್ಣಿಮಾ ಅದಾಳೇನ್ರಿ?"

"ನಾನ ಮಾತಾಡಾಕತ್ತೀನ್ರಿ."

"ಚ್ಯಾಷ್ಟಿ ಬ್ಯಾಡಪಾ. ನಿಮ್ಮ ತಂಗಿ ಕೈಯಾಗ ಫೋನ್ ಕೊಡು."

"ನನಗ ಅಣ್ಣ ತಮ್ಮ ಯಾರೂ ಇಲ್ರಿ."

"ಮತ್ತೊಮ್ಮಿ ಮಾತಾಡು."

"ಏನ್ ಮಾತಾಡ್ಲಿರಿ?"

"ಏನರೆ ಮಾತಾಡು ತಂಗಿ, ನಾ ಕೇಳತೇನಿ."

ನಾನು ಗಾಬರಿಯಾಗಿ ಫೋನ್ ಇಟ್ಟೆ. ಇಟ್ಟ ಮೇಲೆ ಮತ್ತೆ ಬಂತು. ಈ ಸಲ ವಿಷಯ ಹೇಳಿದರು. ಅವರ ಹೆಸರು ಸೊಕೊರಿನಾ, ಖಾನಾಪುರದವರು, ಶಾಲೆಯೊಂದರಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಊರಿನ ಹೆಂಗಸರನ್ನು ಕೂಡಿಸಿ ವಿವಾಲ್ಡಿಯ ಒಂದು ದೊಡ್ಡ ಸ್ತುತಿಯನ್ನು ಹಾಡಿಸುತ್ತಿದ್ದರು. ಕೇಳಲು ಬರುವವರಿಗೆ ಹಂಚಲಿಕ್ಕೆ ಆ ಪಾದ್ರಿಯ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟ ಬರೆದುಕೊಡುವವರು ಬೇಕಾಗಿತ್ತು. ನಮ್ಮ ಕಾಲೇಜಿನ ಮೇಡಂ ಒಬ್ಬರು ನನ್ನ ಹೆಸರು ಹೇಳಿದ್ದರು.

ಫೋನಿನಲ್ಲಿ ನನ್ನನ್ನು ಗಂಡಸೆಂದುಕೊಳ್ಳುವುದು ಹೊಸದೇನಲ್ಲ. ಗ್ಯಾಸ್ ಏಜೆನ್ಸಿಯವರು, ಬ್ಯಾಂಕಿನವರು, ಎಲ್ಲರೂ 'ಸರ್' ಅನ್ನುತ್ತಾರೆ. ನನ್ನ ದನಿ ಹನ್ನೆರಡನೆಯ ವಯಸ್ಸಿಗೇ ಕೆಳಗಿಳಿಯಿತು, ಮತ್ತೆ ಮೇಲೆ ಬರಲಿಲ್ಲ. ಅವ್ವ ಡಾಕ್ಟರಿಗೆ ತೋರಿಸಿದಳು, ಜೇನುತುಪ್ಪ ನೆಕ್ಕಿಸಿದಳು. ಆಮೇಲೆ, "ಮಂದಿ ಮುಂದ ಒಂದೀಟು ಸಣ್ಣ ದನಿ ಮಾಡಿ ಮಾತಾಡ ಪೂರ್ಣಿ" ಎಂದು ಅಷ್ಟಕ್ಕೇ ಬಿಟ್ಟಳು. ಸಣ್ಣ ದನಿ ಮಾಡಿದರೆ ಗಂಟಲು ನೋಯುತ್ತದೆ. ಅದಕ್ಕೇ ಮಾತು ಕಡಿಮೆ ಮಾಡಿದೆ. ಜನ ನಾಚಿಕೆ ಹುಡುಗಿ ಅಂದರು. ನಾಚಿಕೆ ಇರುವುದು ಹೌದು, ಆದರೆ ಅದರಲ್ಲಿ ಅರ್ಧ, ಗಂಟಲು ನೋವೇ.

ಬರೆಯುವುದಾದರೆ ದನಿ ಬೇಡವಲ್ಲ. ಒಪ್ಪಿಕೊಂಡೆ.

ಮೊದಲ ಸಲ ಖಾನಾಪುರಕ್ಕೆ ಹೋದಾಗ ಶಾಲೆಯ ಹಾಲಿನಲ್ಲಿ ಹೆಂಗಸರೆಲ್ಲ ಕಾಗದ ಹಿಡಿದು ನಿಂತಿದ್ದರು. ಚರ್ಚಿಗೆ ಹೋಗುವವರೇ ಹೆಚ್ಚು. ಆದರೆ ಸೊಕೊರಿನಾ ಮೇಡಂ ಕೈಯಲ್ಲಿ ಕಲಿತ ಹಳೆಯ ವಿದ್ಯಾರ್ಥಿನಿಯರೂ ಇದ್ದರು. ಎಲ್ಲಕ್ಕಿಂತ ಮೇಲಿನ ಸಾಲು ಹಾಡುವವಳು ರುಕ್ಸಾರ, ಅದೇ ಊರಿನ ಪ್ರಾಥಮಿಕ ಶಾಲೆಯ ಟೀಚರ್. ತಿಳಿಯಾದ, ಗಾಜಿನ ಬಳೆಯಂಥ ದನಿ. ನಾನು ಮೂಲೆಯಲ್ಲಿ ಕೂತದ್ದು ನೋಡಿ ಬಾಜೂಕ ಬಂದು ಕೂತಳು.

"ಪಾದ್ರಿ ಬಗ್ಗೆ ಬರೆಯಾಕಿ ನೀನೇನು? ಅಂವ ಛಲೋ ಇದ್ದನೋ ಇಲ್ಲೋ, ಮದಲ ನನಗ ಹೇಳು. ಆಮ್ಯಾಲ ಹಾಡತೇನಿ."

"ಏ ರುಕ್ಸಾರ, ಆಕೀನ್ನ ಬಿಡ" ಎಂದು ಮೇಡಂ ಬಂದು, ನನ್ನೆದುರಿಗೆ ಕುರ್ಚಿ ಎಳೆದುಕೊಂಡು, ಪಾದ್ರಿಯ ಕತೆ ಹೇಳಿದರು. ಎತ್ತರದ ಹೆಂಗಸು, ಬಿಳಿಯ ಕೂದಲನ್ನು ಗಂಡುಮಕ್ಕಳ ಹಾಗೆ ಕತ್ತರಿಸಿಕೊಂಡವರು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ಮರಾಠಿ, ಸಿಟ್ಟು ಬಂದಾಗ ಮಾತ್ರ ಇಂಗ್ಲಿಷ್. ನನ್ನ ಜೊತೆ ಕನ್ನಡ.

ವೆನಿಸ್ಸಿನಲ್ಲಿ ಒಂದು ಅನಾಥಾಲಯ. ಬೇಡವಾದ ಕೂಸುಗಳನ್ನು ಗೋಡೆಯ ಕಿಂಡಿಯೊಂದರಲ್ಲಿ ಇಟ್ಟು ಹೋಗುತ್ತಿದ್ದರು. ಆ ಕೂಸುಗಳಲ್ಲಿ ಹೆಣ್ಣಾದವು ಅಲ್ಲೇ ಬೆಳೆದು ಸಂಗೀತ ಕಲಿತವು. ಕಲಿಸಲಿಕ್ಕೆ ಇದ್ದವನು ನಮ್ಮ ಕೆಂಪು ಪಾದ್ರಿ. ಆಡಳಿತ ಮಂಡಳಿಯವರು ಒಮ್ಮೆ ಮತ ಹಾಕಿ ಅವನನ್ನು ತೆಗೆದರು. ಎರಡು ವರ್ಷಕ್ಕೆ ಮತ್ತೆ ಕರೆದರು. ಹುಡುಗಿಯರು ಜಾಲರಿಯ ಹಿಂದೆ ನಿಂತು ಹಾಡುತ್ತಿದ್ದರು. ಕೇಳಲಿಕ್ಕೆ ದೂರದ ದೇಶಗಳಿಂದ ಜನ ಬರುತ್ತಿದ್ದರು. ದನಿ ಕೇಳುತ್ತದೆ, ಮುಖ ಕಾಣುವುದಿಲ್ಲ.

"ಜಾಳಿಗಿ ಹಿಂದ ಅಂದ್ರ ಪಡದಾನ ಆತಲ್ರಿ ಮೇಡಂ" ಅಂದಳು ರುಕ್ಸಾರ. "ಹಂಗಾದ್ರ ನಮ್ಮ ಅಜ್ಜಿ ಸೈತ ಒಪ್ಪತಾಳ."

"ಈಗ ನೋಡು" ಅಂತ ಮೇಡಂ ನನ್ನ ಮುಂದೆ ಹಾಡಿನ ಹಾಳೆ ಹಿಡಿದರು. ಒಂದರ ಕೆಳಗೆ ಒಂದು ನಾಲ್ಕು ಸಾಲು. "ಮ್ಯಾಲಿನ ಎರಡು ಸಾಲ ಹೆಂಗಸರದು, ತೆಳಗಿನ ಎರಡು ಗಂಡಸರದು. ಹೌದಿಲ್ಲೋ? ಆದ್ರ ಅಲ್ಲಿ ಗಂಡಸರ ಇರಲಿಲ್ಲ. ಹಂಗಾರ ತೆಳಗಿನ ಸಾಲ ಯಾರು ಹಾಡತಿದ್ರು?"

ನಾನು ಹಾಳೆಯ ಕಡೆ ಬಾಗಿದೆ.

"ಹುಡುಗ್ಯಾರ! ಆ ಹುಡುಗ್ಯಾರಿಗೆ ಅಡ್ಡಹೆಸರ ಇರಲಿಲ್ಲ, ಅಪ್ಪ ಯಾರಂತ ಗೊತ್ತಿದ್ರಲ್ಲ? ಅದಕ್ಕ ಬಾರಿಸೂ ವಾದ್ಯದ ಮ್ಯಾಲ, ಹಾಡೂ ದನಿ ಮ್ಯಾಲ ಕರೀತಿದ್ರು. ಪಿಟೀಲಿನ ಫಲಾನಿ, ತೆಳಗಿನ ದನಿ ಆನಾ." ಅವರು ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳು ಇಟ್ಟರು. "ಮೂರನೇ ಸಾಲಿಗಿ ಹೆಂಗೋ ಇಬ್ಬರು ಸಿಕ್ಕಾರ. ಇದಕ್ಕ ಯಾರೂ ಸಿಕ್ಕಿಲ್ಲ. ಫೋನಿನ್ಯಾಗ ನಿನ್ನ ದನಿ ಕೇಳಿದ ದಿನದಿಂದ ನನಗ ನಿದ್ದಿಲ್ಲ ತಂಗಿ."

ಎಲ್ಲರೂ ನನ್ನನ್ನೇ ನೋಡಿದರು.

"ನನಗ ಹಾಡಾಕ ಬರೂದಿಲ್ರಿ" ಅಂದೆ, ಸಣ್ಣ ದನಿಯಲ್ಲಿ.

"ಯಾರು ಹೇಳಿದ್ರು?"

"ಮಾಸ್ತರ."

ಮೇಡಂ ಒತ್ತಾಯ ಮಾಡಲಿಲ್ಲ. "ಆತು, ಬರಿ" ಅಂದು ಎದ್ದು ಹೋದರು. ಒತ್ತಾಯ ಮಾಡಿದ್ದರೆ ಇನ್ನೂ ಗಟ್ಟಿಯಾಗಿ ಒಲ್ಲೆ ಅನ್ನುತ್ತಿದ್ದೆ. ಅವರು ಹಾಗೆ ಬಿಟ್ಟುಹೋದದ್ದು ನನಗೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಚುಚ್ಚಿತು.

ಮಾಸ್ತರ ಅಂದರೆ ಸಿದರಾಯ ಮಾಸ್ತರ. ಟಿಳಕವಾಡಿಯಲ್ಲಿ ಹಿಂದುಸ್ತಾನಿ ಕಲಿಸುತ್ತಿದ್ದರು, ಈಗಲೂ ಕಲಿಸುತ್ತಾರೆ. ಚಿಕ್ಕವಳಿದ್ದಾಗ ಅಲ್ಲಿಗೆ ಹೋಗುತ್ತಿದ್ದೆ. ದನಿ ಇಳಿದ ಮೇಲೆ ಮೇಲಿನ ಷಡ್ಜ ಮುಟ್ಟಲು ಆಗದೆ ಒಂದು ದಿನ ಕೆಮ್ಮಿದೆ. ಮಾಸ್ತರರು, "ನೀ ಹಾಡೂದ ಬ್ಯಾಡ, ತಂಬೂರಿ ಹಿಡಿ" ಅಂದರು. ಅಂದಿನಿಂದ ಕಾಲೇಜು ಮುಗಿಯುವತನಕ ತಂಬೂರಿ ಹಿಡಿದೆ. ಬೇರೆ ಹುಡುಗಿಯರು ಹಾಡಿದರು, ಬಹುಮಾನ ತಂದರು, ಮದುವೆಯಾಗಿ ಹೋದರು. ನಾನು ಅವರ ಹಿಂದೆ ಕೂತು ನಾಲ್ಕು ತಂತಿ ಮೀಟಿದೆ. ನನಗೆ ಹೆಚ್ಚು ಇಷ್ಟವಾದದ್ದು ಕೊನೆಯ ದಪ್ಪ ತಂತಿ, ಖರ್ಜ.

ಪಾದ್ರಿಯ ಬಗ್ಗೆ ಓದುತ್ತ ಹೋದಂತೆ ಆ ಕೆಳಗಿನ ದನಿಯ ಆನಾ ನನ್ನನ್ನು ಬಿಡಲಿಲ್ಲ. ಹೆಂಗಸರ ಗಂಟಲಲ್ಲಿ ಅಷ್ಟು ಕೆಳಗಿನ ಸ್ವರ ಹೇಗೆ ಹೊರಟಿತು ಎಂದು ವಿದ್ವಾಂಸರು ಇವತ್ತಿಗೂ ವಾದ ಮಾಡುತ್ತಾರೆ. ಸಾಧ್ಯವೇ ಇಲ್ಲ, ಮೇಲೆತ್ತಿ ಹಾಡಿರಬೇಕು ಎಂದು ಕೆಲವರು. ನಾನು ಅದನ್ನು ಓದಿ ಒಬ್ಬಳೇ ನಕ್ಕೆ. ಅವರಲ್ಲಿ ಯಾರಾದರೂ ನಮ್ಮ ಮನೆಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು.

ನಕ್ಕ ಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡು ಮಾಸ್ತರರ ಮನೆಗೆ ಹೋದೆ.

ಅವರು ವರಾಂಡದಲ್ಲಿ ಪೇಟಿಯ ಗಾಳಿ ತುಂಬುವ ಭಾತೆಗೆ ಅಂಟು ಹಚ್ಚುತ್ತಿದ್ದರು. ಬೆಳಗಾವಿಯಲ್ಲಿ ಹಾರ್ಮೋನಿಯಮ್ಮಿಗೆ ಪೇಟಿ ಅನ್ನುತ್ತೇವೆ. ನಾನು ಕುಶಲ ಕೇಳಿ, ಚಹಾ ಕುಡಿದು, ಕೊನೆಗೆ ಕೇಳಿದೆ.

"ಮಾಸ್ತರ, ನನ್ನ ಸುರ ಯಾವುದ್ರಿ?"

ಅವರು ತಲೆ ಎತ್ತಲಿಲ್ಲ. "ಕಪ್ಪು ಒಂದು."

ಹೆಣ್ಣುಮಕ್ಕಳಿಗೆ ಪೇಟಿಯ ನಾಲ್ಕನೆಯ ಕಪ್ಪು ಮನೆಯನ್ನು, ಅಂದರೆ ಬೆರಳೊತ್ತುವ ಪಟ್ಟಿಯನ್ನು, ಷಡ್ಜ ಮಾಡುತ್ತಾರೆ, ಅಥವಾ ಐದನೆಯದನ್ನು. ಒಂದನೆಯದು ಗಂಡಸರದು.

"ನಿಮಗ ಆವಾಗ ಗೊತ್ತಿತ್ತೇನ್ರಿ?"

"ಗೊತ್ತಿಲ್ದ ಏನು? ಕಿವಿ ಅದಾವ ನನಗ." ಈಗ ತಲೆ ಎತ್ತಿದರು. "ನೋಡ ಪೂರ್ಣಿಮಾ, ಕ್ಲಾಸಿನ್ಯಾಗ ಅಷ್ಟು ಹುಡುಗ್ಯಾರು, ಪೇಟಿ ಒಂದ. ಕಪ್ಪು ನಾಕಕ್ಕ ಇಟ್ಟೆ ಅಂದ್ರ ಎಲ್ಲಾರೂ ಅದಕ್ಕ ಹಾಡಬೇಕು. ನಿನ್ನ ಒಬ್ಬಾಕಿ ಸಲುವಾಗಿ ಇಳಿಸಿದ್ರ ಉಳಿದವರು ಸಾಯೂ ಕಪ್ಪಿ ಹಂಗ ಒದರತಿದ್ರು. ಇನ್ನ, ನಿಮ್ಮವ್ವಗ ಹೋಗಿ 'ಬಾಯಾರ, ನಿಮ್ಮ ಮಗಳದು ಗಂಡಸರ ಸುರ' ಅಂತ ಹೇಳಲೇನು? ಜೇನುತುಪ್ಪ ಬಿಟ್ಟು ಮತ್ತೇನು ಕುಡಸತಿದ್ಲೋ."

"ನನಗರೆ ಹೇಳಬೇಕಾಗಿತ್ತಲ್ರಿ."

ಅವರು ಅಂಟಿನ ಕಡ್ಡಿಯನ್ನು ಡಬ್ಬಿಯಲ್ಲಿ ಇಟ್ಟರು. "ಹೌದು" ಅಂದರು. "ಹೇಳಬೇಕಾಗಿತ್ತು."

ನನಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ಬೇರೆ ಏನೋ. ಇಷ್ಟು ವರ್ಷ ನನಗೆ ದನಿ ಕೆಟ್ಟಿದೆ ಅಂದುಕೊಂಡಿದ್ದೆ. ಕೆಟ್ಟದ್ದಲ್ಲ, ಬೇರೆ ಮನೆಯದು. ಅಲ್ಲಿಂದ ಮನೆಗೆ ಬರುವಾಗ ಎರಡನೇ ರೈಲ್ವೆ ಗೇಟು ಹಾಕಿತ್ತು. ಗಾಡಿ ಹೋಗುವ ಸದ್ದಿನಲ್ಲಿ ಬಾಯಿ ತೆರೆದು, ಮೊದಲ ಸಲ, ನನ್ನ ಷಡ್ಜ ಹಾಡಿದೆ. ಬಾಜೂಕ ಸ್ಕೂಟರಿನ ಮೇಲಿದ್ದವನು ಗಾಡಿಯ ಕಡೆಗೇ ನೋಡುತ್ತಿದ್ದ. ಆ ಸದ್ದು ಇಂಜಿನ್ನಿನದು ಅಂದುಕೊಂಡಿರಬೇಕು.

ಆಮೇಲೆ ಖಾನಾಪುರಕ್ಕೆ ಬಸ್ಸು ಬಿಟ್ಟು ರೈಲಿನಲ್ಲಿ ಹೋಗತೊಡಗಿದೆ. ಬರೆದದ್ದನ್ನು ತೋರಿಸುವ ನೆಪ. ದೇಸೂರು ದಾಟಿದ ಮೇಲೆ ಬಾಗಿಲ ಬಳಿ ನಿಂತು, ರುಕ್ಸಾರ ಫೋನಿನಲ್ಲಿ ಕಳಿಸಿದ್ದ ಹಾಡಿನ ಕೆಳಗಿನ ಸಾಲನ್ನು ಗಾಲಿಯ ಸದ್ದಿನಡಿಯಲ್ಲಿ ಹಾಡುತ್ತ ಹೋಗುತ್ತಿದ್ದೆ. ಆ ಸಾಲನ್ನು ಒಂದನ್ನೇ ಕೇಳಿದರೆ ಏನೂ ಇಲ್ಲ. ಒಂದೇ ಸ್ವರ, ಮತ್ತದೇ ಸ್ವರ, ಹೆಜ್ಜೆ ಹಾಕಿದ ಹಾಗೆ. ಒಂದು ಮೆಟ್ಟಿಲು ಇಳಿದು ನಿಲ್ಲುತ್ತದೆ. ಯಾರನ್ನೋ ಕಾಯುತ್ತದೆ. ಮೇಲಿನವರೆಲ್ಲ ಕುಣಿಯುತ್ತಿರುವಾಗ ಇದು ಕಾಯುತ್ತದೆ. ನನಗೆ ಅದು ಚೆನ್ನಾಗಿ ಬರುತ್ತಿತ್ತು. ತಂಬೂರಿ ಹಿಡಿದವಳಿಗೆ ಕಾಯುವುದನ್ನು ಯಾರೂ ಕಲಿಸಬೇಕಿಲ್ಲ.

ಮೇಡಂ ಇನ್ನೊಮ್ಮೆ ಕೇಳಲಿ ಅಂತ ನೋಡುತ್ತಿದ್ದೆ. ಅವರು ಕೇಳಲಿಲ್ಲ.

ಕಾರ್ಯಕ್ರಮಕ್ಕೆ ಎರಡು ವಾರವಿರುವಾಗ ಹೋದೆ. ಬಾಗಿಲ ಹೊರಗೇ ಕಾಲು ನಿಂತವು. ಒಳಗಿನಿಂದ ಕೆಳಗಿನ ಸಾಲು ಕೇಳಿಸುತ್ತಿತ್ತು. ದುಂಡಗಿನ, ತುಂಬಿದ ಗಂಡು ದನಿ. ಒಳಗೆ ಹೋಗಿ ನೋಡಿದರೆ ಹಿಂದಿನ ಸಾಲಿನಲ್ಲಿ ಒಬ್ಬ ಹಿರಿಯರು, ದೊಡ್ಡ ಹೊಟ್ಟೆ, ಮೂಗಿನ ತುದಿಗೆ ಕನ್ನಡಕ.

"ಇನಾಸ ಮಾಮಾ" ಎಂದು ರುಕ್ಸಾರ ಪಿಸುಗುಟ್ಟಿದಳು. "ಈ ತಾಲೂಕಿನ್ಯಾಗ ಯಾವ ಚರ್ಚಿನ್ಯಾಗ ಹಬ್ಬ ಇದ್ರೂ ತೆಳಗಿನ ದನಿ ಇವರದ. ಮೇಡಂ ಕಾದು ಕಾದು ಕರಿಸಿದ್ರು. ಭಾರಿ ಅದಾರಲ್ಲ?"

ಭಾರಿಯೇ ಇದ್ದರು. ಎಲ್ಲರ ಮುಖದಲ್ಲೂ ಗೆಲುವು. ಇಷ್ಟು ದಿನ ನೆಲವಿಲ್ಲದ ಮನೆಯ ಹಾಗಿದ್ದ ಹಾಡಿಗೆ ನೆಲ ಬಂದಿತ್ತು. ಈಗ ನಾನು ಯಾರಿಗೂ ಬೇಕಾಗಿರಲಿಲ್ಲ. ನಾನು ಬರೆದ ನಾಲ್ಕು ಪುಟ ಮೇಡಂ ಕೈಗೆ ಕೊಟ್ಟು, ಚಹಾ ಕುಡಿದು, ಸಂಜೆಯ ಗಾಡಿ ಹಿಡಿದರೆ ಆಯಿತು. ಅವರು ಬೇಡಿಕೊಂಡಾಗ ಒಪ್ಪುವುದು ನನಗೆ ಸುಲಭವಿತ್ತು. ಬೇಡದಿದ್ದಾಗ ಹೋಗಿ ಕೇಳುವುದು ಅಂದರೆ ಏನೆಂದು ನನಗೆ ಗೊತ್ತೇ ಇರಲಿಲ್ಲ, ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಕೊಟ್ಟರೂ ಕೇಳದವಳು ನಾನು.

ಅವರು ಹಾಡು ನಿಲ್ಲಿಸಿ ನೀರು ಕುಡಿಯುತ್ತಿರುವಾಗ ಮೇಡಂ ಮುಂದೆ ಹೋಗಿ ನಿಂತೆ.

"ಮೇಡಂ, ನನಗ ಹಾಡಬೇಕಾಗೈತ್ರಿ."

ನನ್ನದೇ ದನಿಯಲ್ಲಿ ಅಂದಿದ್ದೆ.

"ಯಾವುದು?"

"ತೆಳಗಿನ ಸಾಲ."

ಮೇಡಂ ನೀರಿನ ಬಾಟಲಿಯ ಮುಚ್ಚಳ ತಿರುವಿದರು. "ಕೇಳಿದಾಗ ಒಲ್ಲೆ ಅಂದಿ. ಈಗ ಇನಾಸ ಬಂದಾನ, ತನ್ನ ಕೆಲಸ ಬಿಟ್ಟು ಬಂದಾನ. ಏನಂತ ಹೇಳಲಿ ಅವಗ?"

"ಬರೇ ಹೆಣ್ಮಕ್ಕಳು ಹಾಡತಿದ್ರು ಅಂತ ನಾನ ಬರದೀನ್ರಿ. ಓದಿದವರು ಕತ್ತ ಎತ್ತಿ ನೋಡಿದ್ರ ಇಲ್ಲಿ ಮಾಮಾ ನಿಂತಿರತಾರ. ಬರದದ್ದು ಸುಳ್ಳಾಕೈತಿ."

ಇನಾಸ ಮಾಮಾ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ತಂಗಿ, ಒಂದ ಮಾತು ಕೇಳಲೇನು? ಕಾಗದದ ಸಲುವಾಗಿ ಕೇಳಾಕತ್ತಿಯೋ, ನಿನ್ನ ಸಲುವಾಗಿ ಕೇಳಾಕತ್ತಿಯೋ?"

ಸುಳ್ಳು ಹೇಳಲು ಬರಲಿಲ್ಲ. "ನನ್ನ ಸಲುವಾಗಿರಿ" ಅಂದೆ.

"ಹಂಗ ಹೇಳು ಮತ್ತ! ಕಾಗದದ ಸಲುವಾಗಿ ಅಂದಿದ್ರ ಜಾಗಾ ಬಿಡತಿದ್ದಿಲ್ಲ ನಾ." ಅವರು ಮೈ ಎತ್ತಿ ಎದ್ದು ಕುರ್ಚಿ ಪಕ್ಕಕ್ಕೆ ಸರಿಸಿದರು. "ಬಾ, ಹಾಡಿ ತೋರಸು. ಬರಲಿಲ್ಲ ಅಂದ್ರ ಮಾತ್ರ ಇದು ನಂದ. ಸೂಟು ಇಸ್ತ್ರಿಗಿ ಕೊಟ್ಟೀನಿ ಆಗಲೇ."

"ಸೂಟು ಹಾಕ್ಕೊಂಡು ಮುಂದ ಕುಂದರ್ರಿ ಮಾಮಾ, ಹೀರೋ ಕಾಣಸತೀರಿ" ಅಂದಳು ರುಕ್ಸಾರ. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ಕೈ ಎತ್ತಿದರು.

ನಿಧಾನ ಗತಿಯ ಭಾಗವನ್ನು ಹಿಡಿದರು, ಶಾಂತಿಯನ್ನು ಬೇಡುವ ಭಾಗ. ನಾನು ನನ್ನ ಸ್ವರ ಹಿಡಿದು ನಿಂತೆ. ಮೊದಲು ನನ್ನ ದನಿ ನನಗೇ ಕೇಳಿಸಲಿಲ್ಲ, ಎದೆಯ ಎಲುಬಿನಲ್ಲಿ ನಡುಕವೊಂದೇ ಗೊತ್ತಾಯಿತು. ಮೂರನೆಯ ಸಾಲು ಬಂದು ನನ್ನ ಮೇಲೆ ಕೂತಿತು. ಎರಡನೆಯದು ಬಂತು. ಎಲ್ಲಕ್ಕಿಂತ ಮೇಲೆ ರುಕ್ಸಾರಳ ಒಂದೇ ಉದ್ದನೆಯ ಸ್ವರ. ಆಗ ಹಾಳೆಯಲ್ಲಿದ್ದಂತೆ ನಾನು ಒಂದು ಮೆಟ್ಟಿಲು ಇಳಿದೆ.

ಆಗ ಆದದ್ದನ್ನು ಹೇಳಬೇಕು. ತಂಬೂರಿಯಲ್ಲಿ ಷಡ್ಜ ಎಂದೂ ಕದಲುವುದಿಲ್ಲ. ಅದು ನೆಲ, ಹಾಡುವವರು ಅದರ ಮೇಲೆ ಓಡಾಡುತ್ತಾರೆ. ಈ ಪಾದ್ರಿ ನೆಲಕ್ಕೇ ಕಾಲು ಕೊಟ್ಟಿದ್ದ. ರುಕ್ಸಾರ ತನ್ನ ಸ್ವರವನ್ನು ಕೂದಲೆಳೆಯಷ್ಟೂ ಬದಲಿಸಿರಲಿಲ್ಲ, ಆದರೂ ನಾನು ಕೆಳಗೆ ಸರಿದ ಕೂಡಲೇ ಅವಳ ಸಂತೋಷ ದುಃಖವಾಯಿತು. ಇನ್ನೊಂದು ಹೆಜ್ಜೆ ಇಟ್ಟೆ, ಆ ದುಃಖ ಪ್ರಾರ್ಥನೆಯಾಯಿತು. ಜನ ಮೇಲಿನ ದನಿ ಕೇಳಿ ಕಣ್ಣೊರೆಸಿಕೊಳ್ಳುತ್ತಾರೆ. ಅವರನ್ನು ಅಳಿಸುವುದು ಕೆಳಗಿರುವವರು. ಆ ಜಾಲರಿಯ ಹಿಂದಿನ ಹುಡುಗಿಗೆ ಇದು ಗೊತ್ತಿತ್ತು ಅನ್ನುವುದರಲ್ಲಿ ನನಗೆ ಸಂಶಯವಿಲ್ಲ.

ತಳದಲ್ಲಿ ಎರಡು-ಮೂರು ಸ್ವರ ನನ್ನ ಕೈಗೆ ಸಿಗಲಿಲ್ಲ. ಬರೀ ಗಾಳಿ ಬಂತು. ನಿಲ್ಲಿಸಿದೆ. ಎಲ್ಲರೂ ನಿಲ್ಲಿಸಿದರು.

"ಅವು ಬರೂದಿಲ್ರಿ ನನಗ" ಅಂದೆ.

ಮೇಡಂ ಪೆನ್ನು ತೆಗೆದು ಹಾಳೆಯ ಮೇಲೆ ಗೀಚಿದರು. "ಇಲ್ಲಿ ಮ್ಯಾಲ ಹೋಗು. ತಳದ್ದು ಚೆಲ್ಲೊ ಬಾರಸತೈತಿ." ದೊಡ್ಡ ಪಿಟೀಲಿನಂಥ ಚೆಲ್ಲೊ ಹಿಡಿದು ಕೂತಿದ್ದ ಅವರ ಅಣ್ಣನ ಮಗಳು ತಲೆಯಾಡಿಸಿದಳು.

"ಬರದದ್ದನ್ನ ಬದಲಿ ಮಾಡಿದ್ರ ನಡೀತೈತೇನ್ರಿ?" ನಮ್ಮ ಕಡೆ ಕಟ್ಟಿಟ್ಟ ಬಂದಿಶ್ ಬದಲಿಸಿದರೆ ಮಾಸ್ತರರು ಬೆತ್ತ ಹುಡುಕುತ್ತಿದ್ದರು.

"ಅಂವ ಬರದದ್ದು ಕಾಗದಕ್ಕೇನು? ಮುಂದ ನಿಂತ ಹುಡುಗ್ಯಾರಿಗೆ ಬರದ. ಯಾರಿಗಿ ಏನು ಬರತೈತಿ ನೋಡಿ ಬರದ. ಇವತ್ತ ಇದ್ದಿದ್ರ ನಿನಗ ಬರೀತಿದ್ದ." ಪೆನ್ನು ಕಿವಿಗೆ ಸಿಕ್ಕಿಸಿಕೊಂಡರು. "ಮತ್ತ ಬಾಯಿ ತಗಿ. ಹಲ್ಲ ನೋವಿದ್ದಾಕಿ ಹಂಗ ಹಾಡಾಕತ್ತಿ. ಗದ್ದ ತೆಳಗ. ಭುಜ ಸಡ್ಲ. ಮದಲಿಂದ ಹಿಡೀರಿ ಎಲ್ಲಾರೂ."

ಹಾಡಿದ್ದಕ್ಕೆ ನನ್ನನ್ನು ಬೈದದ್ದು ಅದೇ ಮೊದಲು. ತಂಬೂರಿಯವಳನ್ನು ಯಾರು ಬೈಯುತ್ತಾರೆ? ನಾನು ಗದ್ದ ಇಳಿಸಿದೆ. ಇನಾಸ ಮಾಮಾ ಕಿಟಕಿಯ ಬಳಿ ಹೋಗಿ ಕೂತು, ಅರ್ಧ ಕೇಳಿ, "ಸೊಕೊರಿನಾ, ನಾ ಟಿಕೀಟಿನ ಕಡೆ ಕುಂದರತೇನಿ ಹಂಗಾರ" ಅಂದರು. ಅದು ತೀರ್ಪು.

ಅವ್ವನಿಗೆ ಕಾರ್ಯಕ್ರಮಕ್ಕೆ ಬಾ ಅಂದೆ, ಅಷ್ಟೇ. ನಾನು ಬರೆದ ಪುಟಗಳನ್ನು ಓದಿ ಹೇಳುತ್ತಾರೆ ಅಂದುಕೊಂಡು ಇಳಕಲ್ ಸೀರೆ ಉಟ್ಟುಕೊಂಡು ಬಂದಳು. ಸಿದರಾಯ ಮಾಸ್ತರರನ್ನು ನಾನೇ ಕರೆದಿದ್ದೆ. ಬಾಜೂಬಾಜೂಕ ಕೂತರು. ಅವರ ಮುಂದಿನ ಸಾಲಿನಲ್ಲಿ ಸೂಟು ಹಾಕಿದ ಇನಾಸ ಮಾಮಾ.

ನಿಧಾನದ ಭಾಗ ಸುರುವಾಯಿತು. ನಾನು ಬಾಯಿ ತೆರೆದೆ, ಪೂರ್ತಿ ತೆರೆದೆ. ಅವ್ವ ಕತ್ತು ಎತ್ತಿದಳು. ಗಂಡು ದನಿ ಎಲ್ಲಿಂದ ಬರುತ್ತಿದೆ ಎಂದು ಮೊದಲು ಚೆಲ್ಲೊ ಕಡೆ ನೋಡಿದಳು. ಆಮೇಲೆ ಮುಂದೆ ಬಾಗಿ, ಸೂಟಿನವರ ತುಟಿ ಅಲ್ಲಾಡುತ್ತಿದೆಯೇ ಎಂದು ಇಣುಕಿದಳು. ಅವರು ಹಿಂದೆ ತಿರುಗಿ, ಬೆರಳು ಎತ್ತಿ ನನ್ನನ್ನು ತೋರಿಸಿದರು.

ಅವ್ವ ನನ್ನನ್ನು ನೋಡಿದಳು. ನೋಡಿದಳು, ನೋಡುತ್ತಲೇ ಇದ್ದಳು. ಮಾಸ್ತರರ ತೋಳು ಅಲುಗಿಸಿ ಏನೋ ಕೇಳಿದಳು. ಮಾಸ್ತರರು ಅವಳ ಕಡೆ ಬಾಗಿ ಏನೋ ಹೇಳಲು ಹತ್ತಿದರು, ಬಹಳ ಹೊತ್ತಿನ ಮಾತಿನ ಹಾಗಿತ್ತು. ಅದೇನೆಂದು ನೋಡುತ್ತ ನಿಲ್ಲಲು ನನಗೆ ಪುರುಸೊತ್ತು ಇರಲಿಲ್ಲ. ಮೇಡಂ ಕೈ ನನ್ನ ಕಡೆ ಬಂದಿತ್ತು. ನಾನು ಒಂದು ಮೆಟ್ಟಿಲು ಕೆಳಗಿಳಿದೆ. ಮೇಲಿದ್ದವರೆಲ್ಲ ನನ್ನ ಹಿಂದೆ ಬಂದರು.